ತರಗತಿಯ ಕಲಿಕೆ ಮತ್ತು ರಜೆಯ ಚಟುವಟಿಕೆ: ಲಿಂಗಂಪಲ್ಲಿಯ ಕನ್ನಡ ಮಕ್ಕಳನ್ನು ಕುರಿತು

ಪ್ರಾಥಮಿಕ ಶಿಕ್ಷಣದಲ್ಲಿ ಶಾಲೆಯ ದಿನಗಳಿಗೆ ಇರುವಷ್ಟೇ ಮಹತ್ವವು ರಜೆಯ ದಿನಗಳಿಗೂ ಉಂಟು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮಕ್ಕಳ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನಗಳ, 800 ಗಂಟೆಗಳ ಬೋಧನೆಯನ್ನು ಗೊತ್ತುಪಡಿಸಿದೆ. ಹಲವು ಶಾಲೆಗಳು ಇದಕ್ಕಿಂತ ಹೆಚ್ಚು ದಿನ ನಡೆಯುತ್ತವೆಯಾದರೂ ವರ್ಷದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ದಿನಗಳನ್ನು ಮಗುವು ತರಗತಿಯ ಹೊರಗೇ ಕಳೆಯುತ್ತದೆ. ಈ ದಿನಗಳಲ್ಲಿ ಕಲಿತದ್ದು ಬೆಳೆಯುವುದೋ ಅಳಿಯುವುದೋ ಎಂಬುದು ಪಾಲಕರೂ ಶಿಕ್ಷಕರೂ ಒಟ್ಟಾಗಿ ಯೋಚಿಸಬೇಕಾದ ವಿಷಯವಾಗಿದೆ.

ತಾಯ್ನಾಡಿನಿಂದ ಹೊರಗೆ ನೆಲೆಸಿದ ಕುಟುಂಬಗಳ ಮಟ್ಟಿಗೆ ಈ ಪ್ರಶ್ನೆಯು ಇನ್ನಷ್ಟು ಗಂಭೀರವಾದುದು. ಅಂಥ ಮಕ್ಕಳಿಗೆ ಮಾತೃಭಾಷೆಯ ಶಾಲೆ ಎಂಬುದು ಬಹುಮಟ್ಟಿಗೆ ರಜೆಯೇ ಆಗಿರುತ್ತದೆ. ಹೈದರಾಬಾದಿನ ಲಿಂಗಂಪಲ್ಲಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸ್ಥಳದ ಪರಿಚಯ

ಲಿಂಗಂಪಲ್ಲಿಯು ಹೈದರಾಬಾದ್ ನಗರದ ಪಶ್ಚಿಮ ಅಂಚಿನಲ್ಲಿದೆ. ವಾಡಿ–ಸಿಕಂದರಾಬಾದ್ ರೈಲುಮಾರ್ಗವು 1874ರಲ್ಲಿ ತೆರೆಯಿತು. ಲಿಂಗಂಪಲ್ಲಿಯ ನಿಲ್ದಾಣವು ಈ ಮಾರ್ಗದಲ್ಲಿದೆ. 1960ರ ದಶಕದಲ್ಲಿ ಸಮೀಪದ ರಾಮಚಂದ್ರಾಪುರದಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಕಾರ್ಖಾನೆಯೂ, 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು. ದೇಶದ ನಾನಾ ಭಾಗಗಳ ನೌಕರರು ಇಲ್ಲಿ ಬಂದು ನೆಲೆಸಿದರು. 2003ರಲ್ಲಿ ನಗರ ಸಾರಿಗೆಯ ರೈಲುಗಳು ಲಿಂಗಂಪಲ್ಲಿಯವರೆಗೆ ಓಡಲಾರಂಭಿಸಿದ ಮೇಲೆ ಜನವಸತಿ ಮತ್ತಷ್ಟು ಹೆಚ್ಚಿತು.

ಕನ್ನಡ ಕುಟುಂಬಗಳಿಗೆ ಹೈದರಾಬಾದು ಪರಸ್ಥಳವಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್ ಮತ್ತು ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿಯಾಗಿತ್ತು. ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ ಈ ಜಿಲ್ಲೆಗಳ ಹೆಚ್ಚಿನ ಭಾಗವು ಮೈಸೂರು ರಾಜ್ಯಕ್ಕೆ ಸೇರಿದರೆ, ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಹೀಗಾಗಿ ರೈಲುಮಾರ್ಗದ ಎರಡೂ ತುದಿಗಳಲ್ಲಿ ಒಂದೇ ಮನೆತನದ ಬಂಧುಗಳು ಇರುವುದು ಸಾಮಾನ್ಯವಾಗಿದೆ.

ಮಾತೃಭಾಷೆಯ ಸ್ಥಾನ

ಸಂವಿಧಾನದ 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ನೀಡಲು ಸಾಕಷ್ಟು ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಸೂಚಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವೆಡೆಗಳಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಬೋಧನೆ ನಡೆಯಬೇಕೆಂದು ಹೇಳಿದೆ. ಆದರೆ ಸೌಲಭ್ಯವು ಎಲ್ಲ ಬಡಾವಣೆಗಳಲ್ಲಿಯೂ ದೊರೆಯುವಂತಿಲ್ಲ. ಹೈದರಾಬಾದಿನಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆಯು ಕಾಚಿಗುಡದಲ್ಲಿದೆ. ಲಿಂಗಂಪಲ್ಲಿಯಿಂದ ಅದು 20 ಕಿಲೋಮೀಟರಿಗೂ ಹೆಚ್ಚು ದೂರ. ಆರೇಳು ವರ್ಷದ ಮಗುವನ್ನು ಪ್ರತಿದಿನ ಅಷ್ಟು ದೂರ ಕಳುಹಿಸುವುದು ಹೆಚ್ಚಿನ ಪಾಲಕರಿಗೆ ಸಾಧ್ಯವಾಗದು.

ಪರಿಣಾಮವಾಗಿ ಇಲ್ಲಿಯ ಕನ್ನಡ ಮಗುವು ಸಾಮಾನ್ಯವಾಗಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತದೆ, ಹಿಂದಿಯನ್ನು ಕಲಿಯುತ್ತದೆ. 2018ರ ಕಾಯಿದೆಯ ಮೂಲಕ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಲಾಗಿದೆ. ನೆರೆಹೊರೆಯ ಭಾಷೆಯನ್ನು ಕಲಿಯುವುದು ಮಗುವಿಗೆ ಲಾಭವೇ ಹೊರತು ನಷ್ಟವಲ್ಲ. ಆದರೆ ಮನೆಯಲ್ಲಿ ಆಡುವ ಕನ್ನಡಕ್ಕೆ ಅಕ್ಷರ ದೊರೆಯದೆ ಹೋಗುವುದು ನಿಜವಾದ ನಷ್ಟ. ಅಜ್ಜ ಬರೆದ ಪತ್ರವನ್ನು ಮೊಮ್ಮಗ ಓದಲಾರದ ಸ್ಥಿತಿ ಒಂದೇ ತಲೆಮಾರಿನಲ್ಲಿ ಬರಬಹುದು.

ರಜೆಯಲ್ಲಿ ಉಂಟಾಗುವ ಮರೆವು

ಬಳಕೆ ತಪ್ಪಿದ ವಿದ್ಯೆ ಮಸಕಾಗುವುದು ಎಲ್ಲರ ಅನುಭವ. ಅಮೆರಿಕದಲ್ಲಿ 39 ಅಧ್ಯಯನಗಳನ್ನು ಕ್ರೋಡೀಕರಿಸಿ 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಮರ್ಶೆಯು, ಬೇಸಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುವರೆಂದೂ, ಓದಿಗಿಂತ ಗಣಿತದಲ್ಲಿ ನಷ್ಟ ಹೆಚ್ಚೆಂದೂ ತಿಳಿಸಿತು. ನಮ್ಮ ದೇಶದಲ್ಲಿ ಕೋವಿಡ್ ಕಾಲದ ದೀರ್ಘ ಬಿಡುವು ಇದನ್ನು ಇನ್ನೂ ಸ್ಪಷ್ಟಪಡಿಸಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಕುರಿತು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇಕಡ 92ರಷ್ಟು ಮಕ್ಕಳು ಹಿಂದಿನ ವರ್ಷ ಗಳಿಸಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ಶೇಕಡ 82ರಷ್ಟು ಮಕ್ಕಳು ಗಣಿತ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಆರೇಳು ವಾರಗಳ ರಜೆಯನ್ನು ಆ ದೀರ್ಘ ಬಿಡುವಿಗೆ ಹೋಲಿಸಲಾಗದು. ಆದರೂ ಬಳಸದ ಕೌಶಲ ಉಳಿಯದು ಎಂಬ ಪಾಠ ಎರಡಕ್ಕೂ ಅನ್ವಯಿಸುತ್ತದೆ.

ಹೊರೆಯಾಗುವ ರಜಾ ಕೆಲಸ

ಹಾಗೆಂದು ರಜೆಯನ್ನು ಮತ್ತೊಂದು ಶಾಲೆಯನ್ನಾಗಿ ಮಾಡುವುದು ಪರಿಹಾರವಲ್ಲ. ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಮಾಡಿದ ತಮ್ಮ ಮೊದಲ ಭಾಷಣದಲ್ಲಿ ಪುಸ್ತಕದ ಚೀಲದ ಭಾರದಿಂದ ಬಾಗಿದ ಮಕ್ಕಳ ಸಂಗತಿಯನ್ನೇ ಎತ್ತಿಕೊಂಡರು. ಮುಂದೆ ಪ್ರೊಫೆಸರ್ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಸಮಿತಿಯು 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿಯನ್ನು ಸಲ್ಲಿಸಿತು. ಚೀಲದ ಭಾರಕ್ಕಿಂತ ಅರ್ಥವಾಗದುದರ ಭಾರ ಹೆಚ್ಚಿನದೆಂಬುದು ಆ ವರದಿಯ ತಿರುಳು. 2020ರ ಶಾಲಾ ಚೀಲ ನೀತಿಯು ಎರಡನೆಯ ತರಗತಿಯವರೆಗೆ ಮನೆಗೆಲಸ ಕೂಡದೆಂದೂ, ಮೂರರಿಂದ ಐದನೆಯ ತರಗತಿಯವರಿಗೆ ವಾರಕ್ಕೆ ಎರಡು ಗಂಟೆ ಮೀರಬಾರದೆಂದೂ ಹೇಳಿದೆ.

ರಜಾ ಕೆಲಸವು ಹಲವು ಮನೆಗಳಲ್ಲಿ ಕೊನೆಯ ಎರಡು ದಿನಗಳ ಗಡಿಬಿಡಿಯಾಗಿ ಪರಿಣಮಿಸುತ್ತದೆ. ಅಂಗಡಿಯಿಂದ ತಂದ ಚಿತ್ರಗಳನ್ನು ತಾಯಿ ಅಂಟಿಸುತ್ತಾರೆ. ಥರ್ಮೋಕೋಲಿನ ಮಾದರಿಯನ್ನು ತಂದೆ ಕತ್ತರಿಸುತ್ತಾರೆ. ಮಗು ಹೆಸರನ್ನು ಮಾತ್ರ ಬರೆಯುತ್ತದೆ. ಅಂಥ ಕೆಲಸಕ್ಕೆ ಪೂರ್ಣ ಅಂಕ ಬಂದರೂ ಮಗುವಿಗೆ ಬಂದ ವಿದ್ಯೆ ಶೂನ್ಯ.

ರಜೆಗೆ ತಕ್ಕ ಚಟುವಟಿಕೆಗಳು

ಉತ್ತಮ ಚಟುವಟಿಕೆಗೆ ಮೂರು ಲಕ್ಷಣಗಳಿರಬೇಕು: ಮಗುವು ಅದನ್ನು ತಾನೇ ಮಾಡುವಂತಿರಬೇಕು, ಹಣದ ಖರ್ಚು ಇರಬಾರದು, ತರಗತಿಯ ಪಾಠಕ್ಕೆ ಅದರ ನಂಟು ಇರಬೇಕು. ಲಿಂಗಂಪಲ್ಲಿಯ ಮಕ್ಕಳಿಗೆ ಹೊಂದುವ ಕೆಲವನ್ನು ಇಲ್ಲಿ ಸೂಚಿಸಲಾಗಿದೆ.

1. ನಿಲ್ದಾಣಗಳ ಪಟ್ಟಿ: ಲಿಂಗಂಪಲ್ಲಿಯಿಂದ ವಾಡಿಯ ಕಡೆಗೆ ಹೋಗುವಾಗ ಶಂಕರಪಲ್ಲಿ, ವಿಕಾರಾಬಾದ್, ತಾಂಡೂರು, ಸೇಡಂ, ಮಳಖೇಡ ರೋಡ್, ಚಿತ್ತಾಪುರ ನಿಲ್ದಾಣಗಳು ಸಿಗುತ್ತವೆ. ಫಲಕಗಳ ಮೇಲಿನ ಹೆಸರನ್ನು ಮಗುವು ಕಂಡ ಲಿಪಿಯಲ್ಲಿಯೇ ಬರೆದುಕೊಳ್ಳಲಿ. ತೆಲುಗು ಎಲ್ಲಿ ನಿಂತಿತು, ಕನ್ನಡ ಎಲ್ಲಿ ಆರಂಭವಾಯಿತು ಎಂಬುದನ್ನು ಗುರುತಿಸಲಿ. ರಾಜ್ಯದ ಗಡಿ ಎಂದರೇನೆಂಬುದು ಭೂಪಟಕ್ಕಿಂತ ಚೆನ್ನಾಗಿ ಇದರಿಂದ ತಿಳಿಯುತ್ತದೆ. ಎರಡು ನಿಲ್ದಾಣಗಳ ನಡುವೆ ಹಿಡಿದ ಸಮಯವನ್ನು ಲೆಕ್ಕ ಹಾಕಿದರೆ ಗಣಿತವೂ ಆಯಿತು.

2. ಅಕ್ಷರಗಳ ಹೋಲಿಕೆ: ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಗ, ಡ, ದ, ನ, ಲ ಮೊದಲಾದ ಅಕ್ಷರಗಳ ಮೈ ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ. ತಲೆಕಟ್ಟು ಮಾತ್ರ ಬೇರೆ. ಶಾಲೆಯಲ್ಲಿ ತೆಲುಗು ಕಲಿತ ಮಗುವಿಗೆ ಕನ್ನಡದ ಅಕ್ಷರಮಾಲೆ ಅರ್ಧ ಪರಿಚಿತವೇ ಆಗಿರುತ್ತದೆ. ಈ ಅನುಕೂಲವನ್ನು ಪಾಲಕರು ಬಳಸಿಕೊಳ್ಳಬೇಕು.

3. ಪದಗಳ ಜೋಡಿ: ತೆಲುಗಿನಲ್ಲಿ ಪಾಲು, ಪುಲಿ, ಪಾಮು, ಪಂದಿ, ಪುವ್ವು, ಕನ್ನಡದಲ್ಲಿ ಹಾಲು, ಹುಲಿ, ಹಾವು, ಹಂದಿ, ಹೂವು. ಹಳಗನ್ನಡದ ಪಕಾರವು ನಡುಗನ್ನಡದ ಕಾಲಕ್ಕೆ ಹಕಾರವಾಯಿತು; ತೆಲುಗಿನಲ್ಲಿ ಪಕಾರವೇ ಉಳಿಯಿತು. ಲಿಂಗಂಪಲ್ಲಿಯ ‘ಪಲ್ಲಿ’ಯೂ ನಮ್ಮ ‘ಹಳ್ಳಿ’ಯೂ ಒಂದೇ ಮಾತು ಎಂದು ತಿಳಿದಾಗ ಮಗುವು ಇಂಥ ಜೋಡಿಗಳನ್ನು ತಾನೇ ಹುಡುಕತೊಡಗುತ್ತದೆ.

4. ಕಲ್ಲು ಮತ್ತು ಕಾಳು: ಮನೆಯ ನೆಲಕ್ಕೆ ಹಾಸಿದ ಕಲ್ಲು ತಾಂಡೂರಿನದೋ ಶಹಾಬಾದಿನದೋ ಎಂದು ವಿಚಾರಿಸಲಿ. ಈ ಎರಡೂ ಸುಣ್ಣಕಲ್ಲಿನ ಜಾತಿಯವು. ಲಿಂಗಂಪಲ್ಲಿಯ ಸುತ್ತಲಿನ ಬಂಡೆಗಳಾದರೋ ಗ್ರಾನೈಟಿನವು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅಡುಗೆಮನೆಯ ತೊಗರಿಬೇಳೆ ಎಲ್ಲಿಂದ ಬಂತೆಂದು ಕೇಳಿದರೆ ಕಲಬುರಗಿಯ ಹೊಲದವರೆಗೆ ಪಾಠ ಸಾಗುತ್ತದೆ. ಅಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ.

5. ಹಬ್ಬದ ಲೆಕ್ಕ: ದಸರೆಯ ರಜೆಯಲ್ಲಿ ನೆರೆಮನೆಯವರು ಕಟ್ಟುವ ಬತುಕಮ್ಮನ ಹೂಗಳ ಹೆಸರು, ಸುತ್ತುಗಳ ಸಂಖ್ಯೆ, ಪ್ರತಿ ಸುತ್ತಿನ ಹೂಗಳ ಎಣಿಕೆಯನ್ನು ಬರೆದುಕೊಳ್ಳಲಿ. ಎಳ್ಳ ಅಮಾವಾಸ್ಯೆಗೆ ಊರಿನ ಹೊಲಕ್ಕೆ ಹೋಗುವ ಅವಕಾಶ ದೊರೆತರೆ, ಭಜ್ಜಿ ಪಲ್ಯಕ್ಕೆ ಬಿದ್ದ ಸೊಪ್ಪು, ಕಾಳುಗಳ ಹೆಸರನ್ನು ಅಜ್ಜಿಯಿಂದ ಕೇಳಿ ಕನ್ನಡದಲ್ಲಿ ಬರೆಯಲಿ.

6. ಒಂದು ಪತ್ರ: ವಾರಕ್ಕೊಮ್ಮೆ ಅಜ್ಜನಿಗೋ ಸೋದರಮಾವನಿಗೋ ಕನ್ನಡದಲ್ಲಿ ಐದು ಸಾಲಿನ ಕಾಗದ ಬರೆಯಲಿ. ತಪ್ಪುಗಳಿದ್ದರೂ ತಿದ್ದದೆ ಕಳುಹಿಸಬೇಕು. ಓದುವವರು ಒಬ್ಬರು ಇರುವರೆಂಬ ಭರವಸೆಯೇ ಬರವಣಿಗೆಗೆ ಪ್ರೇರಣೆ.

ರಜೆಯ ಅವಧಿಗಳ ವ್ಯತ್ಯಾಸವನ್ನೂ ಗಮನಿಸಬೇಕು. ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ತೆಲಂಗಾಣದ ಶಾಲೆಗಳಿಗೆ ಏಪ್ರಿಲ್ ಕೊನೆಯಿಂದ ಜೂನ್ ಎರಡನೆಯ ವಾರದವರೆಗೆ ಬೇಸಗೆ ರಜೆ ಇರುತ್ತದೆ. ಊರಿನ ಓರಗೆಯ ಮಕ್ಕಳ ಸಂಗಡ ಆಡಿ ಕನ್ನಡ ಕಲಿಯಬೇಕಾದರೆ ಮೇ ತಿಂಗಳಲ್ಲಿಯೇ ಪ್ರಯಾಣ ಮಾಡುವುದು ಲೇಸು.

ಶಾಲೆಯು ಪುನರಾರಂಭವಾದ ಮೇಲೆ

ರಜೆಯಲ್ಲಿ ಮಗು ಸಂಗ್ರಹಿಸಿದ್ದು ತರಗತಿಯಲ್ಲಿ ಬೆಳಕಿಗೆ ಬರಬೇಕು. ಶಿಕ್ಷಕರು ಮೊದಲ ವಾರದಲ್ಲಿ ಹೊಸ ಪಾಠ ಆರಂಭಿಸದೆ, ಮಕ್ಕಳು ತಂದ ಪಟ್ಟಿ, ಕಲ್ಲು, ಎಲೆ, ಕಥೆಗಳನ್ನು ಇಟ್ಟುಕೊಂಡು ಹಳೆಯ ಪಾಠವನ್ನು ನೆನಪಿಗೆ ತರಬಹುದು. ನಲಿಕಲಿ ಪದ್ಧತಿಯ ಅನುಭವ ಇಲ್ಲಿ ಉಪಯುಕ್ತ. ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಇದನ್ನು ರೂಪಿಸಿದರು. ಮಗುವು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಮುಂದಿನ ಮೆಟ್ಟಿಲನ್ನು ಹತ್ತಿಸುವುದು ಈ ಪದ್ಧತಿಯ ಮೂಲತತ್ತ್ವ. ರಜೆ ಮುಗಿಸಿ ಬಂದ ಮಕ್ಕಳೆಲ್ಲರೂ ಒಂದೇ ಮೆಟ್ಟಿಲಿನಲ್ಲಿ ಇರುವುದಿಲ್ಲ ಎಂಬುದನ್ನು ಶಿಕ್ಷಕರು ಮರೆಯಬಾರದು.

ತರಗತಿಯಲ್ಲಿ ತೆಲುಗು, ಉರ್ದು, ಹಿಂದಿ, ಕನ್ನಡ, ಒಡಿಯಾ ಮನೆಮಾತಿನ ಮಕ್ಕಳು ಜೊತೆಗೆ ಕುಳಿತಿರುವಾಗ, ಒಂದೇ ವಸ್ತುವಿನ ಹೆಸರನ್ನು ಎಲ್ಲ ಭಾಷೆಗಳಲ್ಲಿ ಕಪ್ಪುಹಲಗೆಯ ಮೇಲೆ ಬರೆಯಿಸುವುದಕ್ಕೆ ಹತ್ತು ನಿಮಿಷ ಸಾಕು. ತನ್ನ ಮನೆಮಾತಿಗೆ ಶಾಲೆಯಲ್ಲಿ ಗೌರವವುಂಟೆಂದು ಕಂಡ ಮಗುವು ಅದನ್ನು ಆಡಲು ನಾಚುವುದಿಲ್ಲ.

ಸಾರಾಂಶ

ರಜೆಯು ಕಲಿಕೆಯ ವಿರಾಮವಲ್ಲ. ಕಲಿಕೆಯ ಸ್ಥಳ ಬದಲಾಗುವ ಕಾಲ. ಶಾಲೆಯು ಕೊಡಲಾರದ ಮಾತೃಭಾಷೆಯನ್ನು ರಜೆಯು ಕೊಡಬಲ್ಲದು. ರಜೆಯಲ್ಲಿ ಕಂಡದ್ದಕ್ಕೆ ಅರ್ಥವನ್ನು ಶಾಲೆಯು ಕೊಡಬಲ್ಲದು. ಇವೆರಡನ್ನೂ ಕೂಡಿಸುವ ಹೊಣೆ ಪಾಲಕರು ಮತ್ತು ಶಿಕ್ಷಕರದು.

ಅಭ್ಯಾಸ

1. ನಿಮ್ಮ ಮಗುವಿನ ಕಳೆದ ರಜಾ ಕೆಲಸದಲ್ಲಿ ಮಗು ತಾನೇ ಮಾಡಿದ್ದು ಎಷ್ಟು? ಪಟ್ಟಿ ಮಾಡಿರಿ.
2. ನಿಮ್ಮ ಊರಿನ ಹೆಸರಿನ ಅರ್ಥವೇನು? ಮಗುವಿನೊಡನೆ ಚರ್ಚಿಸಿರಿ.
3. ಕನ್ನಡ ಮತ್ತು ನೆರೆಯ ಭಾಷೆಗೆ ಸಮಾನವಾದ ಇಪ್ಪತ್ತು ಪದಗಳನ್ನು ಮಗುವಿನಿಂದ ಸಂಗ್ರಹಿಸಿರಿ.