ಮುಷ್ಕರ ಯಾರ ವಿರುದ್ಧ?

ನಮ್ಮ ಸಂಘದ ಚರ್ಚೆಯಲ್ಲಿ ಗೆಳೆಯನೊಬ್ಬ ಕೇಳಿದ: "ಸರಕಾರವೇ ಸಮಾಜವಾದಿ ಆದ ಮೇಲೆ ಕಾರ್ಮಿಕರು ಮುಷ್ಕರ ಹೂಡೋದು ಯಾರ ವಿರುದ್ಧ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಇದೇ ಪ್ರಶ್ನೆ ಸ್ವತಂತ್ರಗೊಂಡ ಆಫ್ರಿಕದಲ್ಲೂ ಎದ್ದಿತ್ತು. ಆಫ್ರಿಕ ನಮಗೆ ತೀರಾ ದೂರದ್ದೇನಲ್ಲ. ಏಷ್ಯದ ಸಮಾಜವಾದಿ ಪಕ್ಷಗಳ ಎರಡನೆಯ ಸಮ್ಮೇಳನ 1956ರ ನವೆಂಬರಿನಲ್ಲಿ ಸೇರಿದ್ದು ಇದೇ ಮುಂಬಯಿಯಲ್ಲಿ. ಆ ಸಂಘಟನೆ ಆಫ್ರಿಕದ ವಿಮೋಚನಾ ಚಳವಳಿಗಳಿಗೂ ಬೆಂಬಲವಾಗಿ ನಿಂತಿತ್ತು.

ಆಫ್ರಿಕದ ಸಮಾಜವಾದ ಒಂದೇ ಬಗೆಯದಲ್ಲ. ಟಾಂಜಾನಿಯದ ನ್ಯೆರೆರೆ 1967ರ ಅರೂಷಾ ಘೋಷಣೆಯಲ್ಲಿ ‘ಉಜಮಾ’ ಎಂಬ ಕೂಡುಬಾಳ್ವೆಯ ಆದರ್ಶವನ್ನು ಮುಂದಿಟ್ಟರು. ಅಂಗೋಲ, ಮೊಜಾಂಬಿಕ್‌ಗಳ ಆಳುವ ಪಕ್ಷಗಳು 1977ರಲ್ಲಿ ಮಾರ್ಕ್ಸ್-ಲೆನಿನ್ ಮಾರ್ಗ ತಮ್ಮದೆಂದು ಸಾರಿದವು. ಮಾರ್ಗ ಬೇರೆಯಾದರೂ ಮೂರೂ ಕಡೆ ಉಳಿದದ್ದು ಒಂದೇ ಪಕ್ಷ.

ಗೆಳೆಯನ ಪ್ರಶ್ನೆಗೆ ನೇರವಾಗಿ ಹೊಂದುವ ಉದಾಹರಣೆ ಘಾನಾ. 1950ರಲ್ಲಿ ಎನ್‌ಕ್ರುಮಾ ಬ್ರಿಟಿಷರ ವಿರುದ್ಧ ಚಳವಳಿಗೆ ಕರೆ ಕೊಟ್ಟಾಗ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿ ಬೆನ್ನಿಗೆ ನಿಂತರು. 1957ರಲ್ಲಿ ಸ್ವಾತಂತ್ರ್ಯ ಬಂತು. 1961ರ ಬಜೆಟ್ಟು ಸಂಬಳದಿಂದ ಕಡ್ಡಾಯ ಉಳಿತಾಯ ಮುರಿದುಕೊಂಡಾಗ ಸೆಕೊಂಡಿ-ಟಕೊರಾಡಿಯ ರೈಲ್ವೆ ಮತ್ತು ಬಂದರು ಕಾರ್ಮಿಕರು ಮತ್ತೆ ಕೆಲಸ ನಿಲ್ಲಿಸಿದರು. ಈ ಸಲ ಎದುರಿಗಿದ್ದದ್ದು ಎನ್‌ಕ್ರುಮಾ ಸರಕಾರ! ಮುಂದಾಳುಗಳನ್ನು ಅದು ವಿಚಾರಣೆಯಿಲ್ಲದೆ ಸೆರೆಗೆ ಹಾಕಿತು. ಸರಕಾರದ ಕಷ್ಟವೂ ಸುಳ್ಳಲ್ಲ. ಕೊಕೊ ಬೆಲೆ ಇಳಿದಿತ್ತು, ವೋಲ್ಟಾ ಅಣೆಕಟ್ಟಿಗೆ ಹಣ ಬೇಕಿತ್ತು. ಆದರೆ ಆ ಹಣ ಯಾರ ಹೊಟ್ಟೆಯಿಂದ ಬರಬೇಕು ಅಂತ ಕೇಳುವ ಹಕ್ಕು ಕೂಲಿಯವನಿಗೆ ಇರಲಿಲ್ಲ.

ಇದು ಆಫ್ರಿಕದ ಕಥೆ ಅಂತ ಪುಸ್ತಕ ಮುಚ್ಚುವ ಹಾಗಿಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1949ರಲ್ಲಿ ಮುಂಬಯಿಗೆ ಬಂದು, ಚೌಪಾಟಿಯಲ್ಲಿ ಮಲಗಿ, ಪಿ. ಡಿಮೆಲ್ಲೊ ಅವರ ಜೊತೆ ಗೋದಿ ಕಾರ್ಮಿಕರ ನಡುವೆ ದುಡಿದವರು. 1974ರ ಮೇ 8ರಂದು ಅವರ ಮುಂದಾಳತನದ ರೈಲ್ವೆ ಮುಷ್ಕರ ಶುರುವಾಯಿತು. ಪಾಲುಗೊಂಡವರು ಸುಮಾರು 17 ಲಕ್ಷ ಅಂತಾರೆ. ಎಂಟು ಗಂಟೆಯ ದುಡಿಮೆ, ಬೋನಸ್ಸು ಮುಖ್ಯ ಬೇಡಿಕೆಗಳು. ಸಾವಿರಾರು ಜನ ಸೆರೆಯಾದರು, ಎಷ್ಟೋ ಸಂಸಾರಗಳನ್ನು ಕ್ವಾರ್ಟರ್ಸಿನಿಂದ ಹೊರಹಾಕಲಾಯಿತು. 27ರಂದು ಮುಷ್ಕರ ಮುಗಿಯಿತು.

ಇನ್ನೊಂದು ಸಂಗತಿ ನೋಡಿ. ನಮ್ಮ ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಎಂಬ ಶಬ್ದ ಸೇರಿದ್ದು 1976ರ 42ನೇ ತಿದ್ದುಪಡಿಯಿಂದ, ತುರ್ತುಪರಿಸ್ಥಿತಿಯಲ್ಲಿ. ಸಮಾಜವಾದಿ ಜಾರ್ಜ್ ಆಗ ಇದ್ದದ್ದು ಸೆರೆಮನೆಯಲ್ಲಿ!

ವ್ಯತ್ಯಾಸವೂ ಇದೆ. 1977ರಲ್ಲಿ ನಮ್ಮಲ್ಲಿ ಚುನಾವಣೆ ನಡೆಯಿತು, ಜಾರ್ಜ್ ಸೆರೆಯಲ್ಲಿದ್ದುಕೊಂಡೇ ಮುಜಫರಪುರದಲ್ಲಿ ಗೆದ್ದರು, ಸರಕಾರ ಬದಲಾಯಿತು. ಘಾನಾದಲ್ಲಿ 1964ರಿಂದ ಒಂದೇ ಪಕ್ಷ. 1966ರಲ್ಲಿ ಎನ್‌ಕ್ರುಮಾ ಅವರನ್ನು ಇಳಿಸಿದ್ದು ಓಟಲ್ಲ, ಸೈನ್ಯ.

ಹಾಗಾಗಿ ಗೆಳೆಯನಿಗೆ ನನ್ನ ಉತ್ತರ ಇಷ್ಟೇ: ಸರಕಾರ ತನ್ನನ್ನು ಏನೆಂದು ಕರೆದುಕೊಂಡರೂ ಸಂಬಳ ಕೊಡುವವನು, ಸಂಬಳ ತಗೊಳ್ಳುವವನು ಎಂಬ ಎರಡು ಕಡೆ ಉಳಿದೇ ಉಳಿಯುತ್ತವೆ. ತಗೊಳ್ಳುವವನಿಗೆ ‘ಒಲ್ಲೆ’ ಅನ್ನುವ ಹಕ್ಕು ಇಲ್ಲದ ಕಡೆ ಇರುವುದು ಸಮಾಜವಾದದ ಹೆಸರು ಮಾತ್ರ. ಒಪ್ಪದವರು ಮುಂದಿನ ಸಂಚಿಕೆಗೆ ದಯವಿಟ್ಟು ಬರೆಯಿರಿ.