ಹದಿನೈದು ತುಂಬಿದ ಮೋಟಾರು ಸೈಕಲ್ಲು: ತಪಾಸಣೆಗೆ ಮುಂಚೆ ಮನೆಯಲ್ಲೇ ನೋಡಬೇಕಾದ್ದು



ಮದ್ದೂರು, ಮಳವಳ್ಳಿ ಕಡೆಯ ಸಣ್ಣ ಬೆಳೆಗಾರರ ಮನೆಗಳಲ್ಲಿ ಎತ್ತು ಕಟ್ಟುತ್ತಿದ್ದ ಜಾಗಕ್ಕೆ ಇಂದು ಮೋಟಾರು ಸೈಕಲ್ಲೋ ಮೊಪೆಡ್ಡೋ ಬಂದು ನಿಂತಿದೆ. ಬೆಳಿಗ್ಗೆ ಡೈರಿಗೆ ಹಾಲು, ಆಮೇಲೆ ಅಡಿಕೆ ತೋಟಕ್ಕೆ ಗೊಬ್ಬರ, ಮದ್ದೂರು ಮಾರುಕಟ್ಟೆಗೆ ಎಳನೀರು, ಸಂಜೆ ಶಾಲೆಯಿಂದ ಮಕ್ಕಳು, ಎಲ್ಲವೂ ಅದರ ಮೇಲೆಯೇ. ಎತ್ತಾದರೆ ಲಾಳ ಸವೆದ ಕೂಡಲೇ ಕುಂಟಿ ತೋರಿಸುತ್ತದೆ. ಮೋಟಾರು ಸೈಕಲ್ಲು ಕುಂಟುವುದಿಲ್ಲ. ಬ್ರೇಕು ಸವೆದರೂ ಓಡುತ್ತಲೇ ಇರುತ್ತದೆ. ಅಪಾಯ ಇರುವುದು ಅಲ್ಲೇ.

ನಮ್ಮ ಸದಸ್ಯರೊಬ್ಬರು 2010ರಲ್ಲಿ ಕೊಂಡ ಗಾಡಿಯ ನೋಂದಣಿ ನವೀಕರಣಕ್ಕೆ ಹೋಗಿದ್ದರು. ಹೊರಡುವ ಮುಂಚೆ ಎಂಜಿನ್ನಿಗೆ ಹೊಸ ಎಣ್ಣೆ ಹಾಕಿಸಿ, ಗಾಡಿ ತೊಳೆದು, ಸೀಟಿಗೆ ಹೊಸ ಹೊದಿಕೆಯನ್ನೂ ಹೊಲಿಸಿದ್ದರು. ಆದರೂ ಗಾಡಿ ವಾಪಸು ಬಂತು. ಕಾರಣ ಮೂರು: ಬ್ರೇಕು ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತಲಿಲ್ಲ, ಹಾಲಿನ ಕ್ಯಾನು ಕಟ್ಟಲು ಸೀರೆ ಗಾರ್ಡು ಬಿಚ್ಚಿಟ್ಟಿದ್ದರು, ಚಾಸಿಸ್ ನಂಬರಿನ ಮೇಲೆ ಬಣ್ಣ ಬಳಿದು ಅಂಕಿ ಕಾಣುತ್ತಿರಲಿಲ್ಲ. ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಅಡಿಕೆ ಕೊಯ್ಲಿನ ಎರಡು ದಿನ ಹಾಳಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವಂತಾಯಿತು. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 41ನೇ ಕಲಮಿನ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ವಾಹನವನ್ನು ತೋರಿಸಿ, ಅದು ರಸ್ತೆಗೆ ಯೋಗ್ಯವೆಂದು ಕಂಡುಬಂದರೆ, 5 ವರ್ಷಕ್ಕೆ ನವೀಕರಿಸಿಕೊಡುತ್ತಾರೆ. ಅರ್ಜಿ 25ನೇ ನಮೂನೆಯಲ್ಲಿ. ಅವಧಿ ಮುಗಿಯುವ ದಿನಕ್ಕೆ 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. ತಡವಾದರೆ ದಂಡ ಬೀಳುತ್ತದೆ. ಕೆ.ಎ. 11 ಎಂದು ಆರಂಭವಾಗುವ ಗಾಡಿಗಳಿಗೆ ಮಂಡ್ಯದ ಪ್ರಾದೇಶಿಕ ಸಾರಿಗೆ ಕಚೇರಿ. ಶುಲ್ಕದ ದರಗಳು ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಗಾಡಿ ಹಳೆಯದಾಯಿತು, ಇನ್ನು ಯಾಕೆ ಇದೆಲ್ಲ ಎನ್ನುವವರಿಗೆ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಕಾರ್ಖಾನೆ ಹೋದರೂ ಗಾಡಿ ಉಳಿದದ್ದು ಸಾಕಿದವರ ಕೈಯಿಂದ. ವಯಸ್ಸಿಗಿಂತ ಆರೈಕೆ ದೊಡ್ಡದು.

ಗಾಡಿ ಎಲ್ಲಿ ಸೋಲುತ್ತದೆ?

1. ಬ್ರೇಕ್ ದೀಪ. ಹಿಂದಿನ ಬಲ್ಬಿನೊಳಗೆ ಸಾಮಾನ್ಯವಾಗಿ ಎರಡು ತಂತಿಗಳಿರುತ್ತವೆ. 5 ವ್ಯಾಟಿನದು ರಾತ್ರಿ ಉರಿಯುವ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ದೊಡ್ಡದು ಸುಟ್ಟುಹೋದರೂ ಚಿಕ್ಕದು ಉರಿಯುತ್ತಲೇ ಇರುವುದರಿಂದ ದೀಪ ಸರಿಯಿದೆ ಎಂದೇ ನಾವು ತಿಳಿಯುತ್ತೇವೆ. ಬಲ್ಬು ಸರಿಯಿದ್ದರೆ ಪೆಡಲಿನ ಬಳಿಯ ಸಣ್ಣ ಸ್ಪ್ರಿಂಗು ನೋಡಿ. ಗದ್ದೆಯ ಕೆಸರು ಮೆತ್ತಿಕೊಂಡು ಅದು ತುಕ್ಕು ಹಿಡಿದಿರುತ್ತದೆ, ಇಲ್ಲವೇ ಕಳಚಿಕೊಂಡಿರುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾವು ಓಡಾಡುವುದು ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರು ಬಸ್ಸುಗಳ ಮುಂದೆ. ಅಲ್ಲಿ ಹಿಂದಿನವನಿಗೆ ನಾವು ನಿಲ್ಲುತ್ತಿದ್ದೇವೆಂದು ಹೇಳುವುದು ಈ ದೀಪ.

2. ಬ್ರೇಕು. ಡ್ರಮ್ ಬ್ರೇಕಿನ ಸನ್ನೆಗೋಲಿನ ಬಳಿ ಒಂದು ಬಾಣದ ಗುರುತು, ತಟ್ಟೆಯ ಮೇಲೆ ಇನ್ನೊಂದು ಗುರುತು ಇರುತ್ತದೆ. ಬ್ರೇಕು ಪೂರ್ತಿ ಒತ್ತಿದಾಗ ಎರಡೂ ಸೇರಿದರೆ ಶೂ ಸವೆದಿದೆ ಎಂದರ್ಥ. ಆಗ ನಟ್ಟು ಬಿಗಿ ಮಾಡಿ ದಿನ ದೂಡಬಾರದು, ಶೂ ಬದಲಿಸಬೇಕು. ಕೇಬಲ್ಲಿನ ಒಂದು ಎಳೆ ಬಿಚ್ಚಿಕೊಂಡಿದ್ದರೂ ಹೊಸದು ಹಾಕಿಸಿ. ನೀರಿನಲ್ಲಿ ಇಳಿಸಿ ದಾಟಿದ ಮೇಲೆ ಡ್ರಮ್ಮು ಒದ್ದೆಯಾಗಿ ಬ್ರೇಕು ಹಿಡಿಯುವುದಿಲ್ಲ. ನಿಧಾನವಾಗಿ ಓಡಿಸುತ್ತಾ ಮೆಲ್ಲನೆ ಒತ್ತಿ ಒಣಗಿಸಿಕೊಳ್ಳಿ.

3. ಟೈರು. ದ್ವಿಚಕ್ರ ವಾಹನದ ಟೈರಿನ ಗೀರುಗಳು 0.8 ಮಿಲಿಮೀಟರಿಗಿಂತ ಕಡಿಮೆ ಆಳ ಇರಬಾರದೆಂದು ನಿಯಮ. ಗೀರಿನ ತಳದಲ್ಲಿ ಸಣ್ಣ ಅಡ್ಡದಿಣ್ಣೆಗಳಿರುತ್ತವೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಅದರ ಆಯುಸ್ಸು ಮುಗಿಯಿತು. ಹೊರೆ ಹೊರುವುದು ಹಿಂದಿನ ಚಕ್ರವಾದ್ದರಿಂದ ಅದೇ ಮೊದಲು ಸವೆಯುತ್ತದೆ. ಪಕ್ಕದ ಬಿರುಕುಗಳನ್ನೂ ನೋಡಿ.

4. ಹ್ಯಾಂಡಲ್ಲು, ಕಡ್ಡಿ, ಚೈನು. ನಡು ಸ್ಟ್ಯಾಂಡು ಹಾಕಿ, ಹಿಂಬದಿಯನ್ನು ಒಬ್ಬರು ಒತ್ತಿಹಿಡಿದು ಮುಂಚಕ್ರ ಎತ್ತಿ, ಫೋರ್ಕನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಎಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ಲು ತಿರುಗಿಸುವಾಗ ನಡುವೆ ಸಿಕ್ಕಿಕೊಂಡರೆ ಗುಂಡುಗಳು ಕೂತ ಜಾಗದಲ್ಲಿ ಹಳ್ಳ ಬಿದ್ದಿದೆ. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ. ಸಡಿಲ ಕಡ್ಡಿಯ ಸದ್ದೇ ಬೇರೆ. ಚೈನು ನಡುವೆ ಸುಮಾರು ಒಂದು ಅಂಗುಲ ಮೇಲೆ ಕೆಳಗೆ ಆಡಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗಿಗೆ ಪೆಟ್ಟು, ಸಡಿಲವಾದರೆ ಕಳಚಿ ಚಕ್ರಕ್ಕೆ ಸಿಕ್ಕುತ್ತದೆ.

5. ಸೀರೆ ಗಾರ್ಡು, ಕನ್ನಡಿ, ಹಾರನ್ನು. ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಮೆಟ್ಟು, ಹಿಂಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಗಾರ್ಡು ಇರಲೇಬೇಕೆಂದು ನಿಯಮವಿದೆ. ಕ್ಯಾನು, ಮೂಟೆ ಕಟ್ಟಲು ಅಡ್ಡಿಯೆಂದು ಇದನ್ನು ಬಿಚ್ಚುವುದು ನಮ್ಮಲ್ಲಿ ಬಹಳ. ಅದೇ ಗಾಡಿಯಲ್ಲಿ ಹಬ್ಬದ ದಿನ ಮನೆಯಾಕೆ ಸೆರಗು ಹೊದ್ದು ಪಕ್ಕಕ್ಕೆ ಕೂರುತ್ತಾರೆ ಎಂಬುದನ್ನು ಮರೆಯಬಾರದು.

6. ಹೊಗೆ ಮತ್ತು ಸದ್ದು. 2000ದ ಏಪ್ರಿಲ್ ನಂತರದ, ಬಿ.ಎಸ್. 4ಕ್ಕಿಂತ ಹಿಂದಿನ ಗಾಡಿಗಳಿಗೆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡು ಶೇಕಡಾ 3.5ನ್ನು ಮೀರಬಾರದು. ಮೀರುವುದಕ್ಕೆ ಮುಖ್ಯ ಕಾರಣ ಕಟ್ಟಿಕೊಂಡ ಏರ್ ಫಿಲ್ಟರು. ಅಡಿಕೆ ಸಿಪ್ಪೆಯ ಧೂಳು, ಕಬ್ಬಿನ ಸೋಗೆಯ ಮಸಿ ಅದರಲ್ಲಿ ತುಂಬಿದರೆ ಗಾಳಿ ಸಾಲದೆ ಪೆಟ್ರೋಲು ಅರೆಬರೆ ಉರಿಯುತ್ತದೆ. ಹೊಗೆಯೂ ಹೆಚ್ಚು, ಖರ್ಚೂ ಹೆಚ್ಚು. ಫಿಲ್ಟರು ಸ್ವಚ್ಛ ಮಾಡಿಸಿ, ಎಂಜಿನ್ನು ಬಿಸಿಯಾದ ಮೇಲೆಯೇ ಪರೀಕ್ಷೆಗೆ ಕೊಡಿ. ಸೈಲೆನ್ಸರು ಕೊರೆಸಿದ ಗಾಡಿಯನ್ನು ತಪಾಸಣೆಗೆ ಒಯ್ಯಲೇಬೇಡಿ.

7. ನಂಬರುಗಳು. ಎಂಜಿನ್ನು ಮತ್ತು ಚಾಸಿಸ್ ನಂಬರುಗಳು ಪುಸ್ತಕದಲ್ಲಿರುವಂತೆಯೇ ಓದುವ ಹಾಗೆ ಇರಬೇಕು. ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ. ಉಜ್ಜುಕಾಗದ ಹಾಕಿ ಅಂಕಿಯನ್ನೇ ಅಳಿಸಬೇಡಿ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗಳಿಗೂ ಅತಿ ಸುರಕ್ಷಿತ ನಂಬರು ಫಲಕ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟಿನಲ್ಲಿ ಆದೇಶ ಮಾಡಿದೆ.

ವಿಮೆಯ ಮಾತು

ಇದು ಎಲ್ಲಕ್ಕಿಂತ ಮುಖ್ಯ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ 5 ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸುವ ಕ್ರಮ ಬಂತು. ಐದು ವರ್ಷ ಯೋಚನೆ ಇಲ್ಲವೆಂದು ಸುಮ್ಮನಿದ್ದವರು ಆರನೆಯ ವರ್ಷವೂ ಸುಮ್ಮನಿರುತ್ತಾರೆ. ವಿಮೆ ಇಲ್ಲದ ಗಾಡಿ ಯಾರಿಗಾದರೂ ತಗುಲಿ ಕೈಕಾಲು ಹೋದರೆ, ನ್ಯಾಯಮಂಡಳಿ ವಿಧಿಸಿದ ಪರಿಹಾರವನ್ನು ಮಾಲೀಕನೇ ತೆರಬೇಕು. ಕಾಯಿದೆಯ 174ನೇ ಕಲಮಿನಂತೆ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಒಂದು ಎಕರೆ ಅಡಿಕೆ, ನಾಲ್ಕು ಸಾಲು ತೆಂಗು ಇಟ್ಟುಕೊಂಡವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿಯ ದೋಷ ಕಡೆಗೆ ಪಹಣಿಯ ಮೇಲೆ ಬಂದು ಕೂರುತ್ತದೆ.

ತಿಂಗಳಿಗೊಮ್ಮೆ ಅರ್ಧ ಗಂಟೆ

ತಪಾಸಣೆಯವರು 15 ವರ್ಷ ತುಂಬಿದಾಗ, ಆಮೇಲೆ 5 ವರ್ಷಕ್ಕೊಮ್ಮೆ ನೋಡುತ್ತಾರೆ. ನಾಲೆಯ ಏರಿಯ ರಸ್ತೆ ನಮ್ಮನ್ನು ದಿನವೂ ತಪಾಸಣೆ ಮಾಡುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜೀವ ಹೋದುದನ್ನು ನಮ್ಮ ಜಿಲ್ಲೆ ಮರೆತಿಲ್ಲ. ತಡೆಗೋಡೆ ಇಲ್ಲದ ಏರಿಯ ಮೇಲೆ ಚಕ್ರ ಎರಡಿದ್ದರೂ ಆರಿದ್ದರೂ ಅಂಚು ಒಂದೇ. ಅಲ್ಲಿ ಬ್ರೇಕಿಗೂ ದೀಪಕ್ಕೂ ಎರಡನೆಯ ಅವಕಾಶವಿಲ್ಲ.

ಆದ್ದರಿಂದ ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳಿ. ಅಮಾವಾಸ್ಯೆಯ ದಿನ ಹೇಗೂ ಆರು ಕಟ್ಟುವುದಿಲ್ಲ, ಅದೇ ಆಗಬಹುದು. ಮೇಲಿನ ಏಳನ್ನೂ ಕ್ರಮವಾಗಿ ನೋಡಿ. ಬ್ರೇಕ್ ದೀಪ ನೋಡಲು ಮನೆಯ ಮಕ್ಕಳನ್ನು ಹಿಂದೆ ನಿಲ್ಲಿಸಿಕೊಳ್ಳಿ. ಅವರಿಗೂ ಕಲಿತಂತಾಗುತ್ತದೆ. ಎಣ್ಣೆಯ ಮಟ್ಟ ನೋಡಿ, ಚೈನಿಗೆ ಎಣ್ಣೆ ಬಿಡಿ, ಟೈರಿನ ಗಾಳಿಯನ್ನು ಪುಸ್ತಕದಲ್ಲಿ ಹೇಳಿದ ಅಳತೆಗೆ ತುಂಬಿಸಿ. ಗಾಡಿ ನೀರಿನಲ್ಲಿ ಮುಳುಗಿದ್ದರೆ ಒದ್ದು ಸ್ಟಾರ್ಟು ಮಾಡದೆ ಮೆಕ್ಯಾನಿಕ್ಕಿನ ಹತ್ತಿರ ತಳ್ಳಿಕೊಂಡು ಹೋಗಿ.

ಮನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ನಿಮ್ಮ ಗಾಡಿಯ ನೋಂದಣಿ ಯಾವ ತಾರೀಖಿಗೆ ಮುಗಿಯುತ್ತದೆ? ವಿಮೆ ಯಾವ ತಾರೀಖಿಗೆ? ಎರಡೂ ಬ್ರೇಕು ಒತ್ತಿದಾಗ ಹಿಂದಿನ ದೀಪ ಹತ್ತುತ್ತದೆಯೇ? ಬಿಚ್ಚಿಟ್ಟ ಸೀರೆ ಗಾರ್ಡು ಅಟ್ಟದ ಮೇಲೆ ಎಲ್ಲಿದೆ?

ಈ ನಾಲ್ಕಕ್ಕೂ ಉತ್ತರ ಬರೆದು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿಡಬೇಕಾಗಿ ಸದಸ್ಯರಲ್ಲಿ ನಮ್ಮ ಕೋರಿಕೆ.