ಸುಣ್ಣಕಲ್ಲಿನ ಗುಹೆಗಳೂ ನನ್ನ ಒಂದೂವರೆ ಅಕ್ಷರವೂ

ಕಳೆದ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಕಾಲೇಜಿನ ಇತಿಹಾಸ ಮತ್ತು ಭೂಗೋಳ ವಿಭಾಗಗಳ ವಿದ್ಯಾರ್ಥಿಗಳು ಉತ್ತರ ಕನ್ನಡ ಜಿಲ್ಲೆಯ ಮಲೆನಾಡಿಗೆ ನಾಲ್ಕು ದಿನಗಳ ಅಧ್ಯಯನ ಪ್ರವಾಸವನ್ನು ಕೈಕೊಂಡೆವು. ದಾಂಡೇಲಿ, ಜೋಯಿಡಾ, ಅಣಶಿ, ಅಲ್ಲಿಂದ ಘಟ್ಟ ಇಳಿದು ಕಾರವಾರ, ಕುಮಟಾ, ಮತ್ತೆ ಘಟ್ಟದ ಕಡೆಗೆ ತಿರುಗಿ ಯಾಣ, ಶಿರಸಿ, ಬನವಾಸಿ. ಇದು ನಮ್ಮ ಮಾರ್ಗ. ನಲವತ್ತು ಜನ ವಿದ್ಯಾರ್ಥಿಗಳು, ಮೂವರು ಅಧ್ಯಾಪಕರು, ಒಂದು ಬಸ್ಸು. ಪ್ರವಾಸದ ಕಥೆಯನ್ನು ಬೆಳಗಿನಿಂದ ರಾತ್ರಿಯವರೆಗೆ ವರ್ಣಿಸುವುದು ನನ್ನ ಉದ್ದೇಶವಲ್ಲ. ಅದನ್ನು ಪ್ರತಿವರ್ಷವೂ ಯಾರಾದರೊಬ್ಬರು ಈ ಸಂಚಿಕೆಯಲ್ಲಿ ಬರೆದೇ ಬರೆಯುತ್ತಾರೆ. ಬಸ್ಸು ಕೆಟ್ಟು ನಿಂತದ್ದೂ, ಚಿತ್ರಾನ್ನ ಹಳಸಿದ್ದೂ ಅದರಲ್ಲಿ ತಪ್ಪದೆ ಇರುತ್ತವೆ. ನಾನು ಬರೆಯಹೊರಟಿರುವುದು ಕಲ್ಲನ್ನು ಕುರಿತು. ಅದಕ್ಕೊಂದು ಕಾರಣವುಂಟು. ಆ ಕಾರಣ ನನಗೆ ಗೌರವ ತರುವಂಥದಲ್ಲವಾದುದರಿಂದ ಅದನ್ನು ಸಂದರ್ಭ ಬಂದಾಗ ಹೇಳುತ್ತೇನೆ.

ಮೊದಲು ಕಾಡಿನ ಮಾತು. ನಾವು ಬಯಲುಸೀಮೆಯವರು, ಕಾಡೆಂದರೆ ನಮಗೆ ಊರ ಹೊರಗಿನ ಜಾಲಿಯ ಮೆಳೆ. ದಾಂಡೇಲಿಯನ್ನು ದಾಟಿದ ಮೇಲೆ ರಸ್ತೆಯ ಎರಡೂ ಪಕ್ಕದಲ್ಲಿ ಮರಗಳು ಕೂಡಿಕೊಂಡು ಹಗಲಿನಲ್ಲಿಯೇ ಮಬ್ಬು ಕವಿದಾಗ ಬಸ್ಸಿನಲ್ಲಿ ಮಾತು ತಾನಾಗಿಯೇ ನಿಂತಿತು. ಇಲ್ಲಿ 1956ರಲ್ಲಿ ಅಭಯಾರಣ್ಯವೊಂದನ್ನು ಘೋಷಿಸಿದರು. ಅದರ ಒಂದು ಭಾಗವನ್ನು ಬೇರ್ಪಡಿಸಿ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವನ್ನು ಮಾಡಿದರು. ಅದರ ವಿಸ್ತೀರ್ಣ ಸುಮಾರು 340 ಚದರ ಕಿಲೋಮೀಟರು. 2007ರಲ್ಲಿ ಇವೆರಡನ್ನೂ ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶವೆಂದರು. 2015ರಲ್ಲಿ ಅದಕ್ಕೆ ಈ ಕಾಡಿನ ನಡುವೆ ಹರಿಯುವ ಕಾಳೀ ನದಿಯ ಹೆಸರನ್ನು ಇಟ್ಟರು. ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಭೇದವೇನೆಂದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ದನ ಮೇಯಿಸುವುದೇ ಮೊದಲಾದ ಕೆಲವು ಹಕ್ಕುಗಳನ್ನು ಉಳಿಸಿಕೊಡಲು ಆಸ್ಪದವುಂಟು. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವಂತೆಯೇ ಇಲ್ಲ. ಕಾಗದದ ಮೇಲೆ ಇದು ಒಂದು ಸಾಲಿನ ಭೇದ. ಆದರೆ ಜೋಯಿಡಾ ಸೀಮೆಯಲ್ಲಿ ಕುಣಬಿಗಳೂ ಗೌಳಿಗಳೂ ಸಿದ್ದಿಗಳೂ ತಲೆತಲಾಂತರದಿಂದ ವಾಸವಾಗಿದ್ದಾರೆ. ಎಮ್ಮೆ ಸಾಕಿ ಬದುಕುವ ಗೌಳಿಗೆ ಆ ಒಂದು ಸಾಲು ಬಹು ದೊಡ್ಡದು. ಸೂಪಾದಲ್ಲಿ ಕಾಳೀ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ನೀರಿನಲ್ಲಿ ಮುಳುಗಿ, ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದಿತು. ನಾವು ಬಯಲಿನಲ್ಲಿ ಉರಿಸುವ ದೀಪಕ್ಕೂ ಆ ಊರಿಗೂ ಸಂಬಂಧವಿದೆ ಎಂಬುದನ್ನು ನಾನು ಅಣೆಕಟ್ಟನ್ನು ನೋಡುವವರೆಗೂ ಯೋಚಿಸಿರಲಿಲ್ಲ.

ಹುಲಿ ಕಂಡಿತೇ ಎಂದು ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು. ಕಾಣಲಿಲ್ಲ. ನಲವತ್ತು ಜನ ಗದ್ದಲ ಮಾಡಿಕೊಂಡು ಹೋದರೆ ಹುಲಿಯೇನು, ಹಂದಿಯೂ ಕಾಣುವುದಿಲ್ಲ. ಕಂಡದ್ದು ಮಂಗಟ್ಟೆ ಹಕ್ಕಿ. ಅದು ರೆಕ್ಕೆ ಬಡಿದರೆ ದೂರದಲ್ಲಿ ಯಾರೋ ತಿದಿ ಒತ್ತಿದಂತೆ ಶಬ್ದ ಕೇಳಿಸುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ದೊಡ್ಡ ಪೊಟರೆಯಿರುವ ಹಳೆಯ ಮರವನ್ನು ಕಡಿದರೆ ಈ ಹಕ್ಕಿಗೆ ಮನೆಯಿಲ್ಲ. ಹೊಸ ಮರ ನೆಟ್ಟರೆ ಸಾಲದು. ಅದು ಮುದಿಯಾಗುವವರೆಗೆ ಕಾಯಬೇಕು.

ಕಾಯುವುದರ ಮಾತು ಬಂದುದರಿಂದ ಇನ್ನು ಕವಳಾ ಗುಹೆಗೆ ಬರುತ್ತೇನೆ. ಇದು ದಾಂಡೇಲಿಯಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ ಕಾಡಿನ ನಡುವೆ ಇದೆ. ಅಪ್ಪಣೆ ಪಡೆದು, ಜೀಪಿನಲ್ಲಿ ಹೋಗಿ, ಮೆಟ್ಟಿಲುಗಳನ್ನಿಳಿದು, ಕೊನೆಗೆ ತಲೆ ತಗ್ಗಿಸಿ ಅಂಬೆಗಾಲಿಕ್ಕಿ ಒಳಗೆ ಹೋಗಬೇಕು. ತರಗತಿಯಲ್ಲಿ ಯಾರಿಗೂ ತಲೆ ಬಾಗದ ನಮ್ಮ ಕೆಲವು ಮಿತ್ರರು ಇಲ್ಲಿ ಬಾಗಿದ್ದನ್ನು ಕಂಡು ನಮಗೆ ಸಂತೋಷವಾಯಿತು. ಒಳಗೆ ನೆಲದಿಂದ ಎದ್ದು ನಿಂತ ಸುಣ್ಣಕಲ್ಲಿನ ಗೂಟವೊಂದಿದೆ. ಅದನ್ನೇ ಲಿಂಗವೆಂದು ಪೂಜಿಸುತ್ತಾರೆ. ಶಿವರಾತ್ರಿಯಲ್ಲಿ ಇಲ್ಲಿಗೆ ಜನ ನೆರೆಯುತ್ತಾರೆ.

ಈ ಗೂಟ ಹೇಗೆ ಹುಟ್ಟಿತು? ನಮ್ಮ ಭೂಗೋಳದ ಅಧ್ಯಾಪಕರು ಗುಹೆಯ ಬಾಯಲ್ಲಿಯೇ ನಿಂತು ಮಾಡಿದ ಪಾಠವನ್ನು ತಿಳಿದಷ್ಟು ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ಮಳೆಯ ನೀರು ಗಾಳಿಯಿಂದಲೂ, ಕೊಳೆತ ಎಲೆಗಳಿರುವ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರ ಮೃದುವಾದ ಒಂದು ಆಮ್ಲವಾಗುತ್ತದೆ. ಸೋಡಾ ಕುಡಿದಾಗ ನಾಲಗೆಗೆ ಚುರುಗುಟ್ಟುವುದು ಇದೇ ಆಮ್ಲ. ಕಣಶಿಲೆಗೆ ಇದರಿಂದ ಬೇಗನೆ ಏನೂ ಆಗದು; ಸುಣ್ಣಕಲ್ಲು ಮಾತ್ರ ಇದರಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಬಿರುಕು ಸಂದಾಗಿ, ಸಂದು ಓಣಿಯಾಗಿ, ಓಣಿ ಗುಹೆಯಾಗುತ್ತದೆ. ಹೀಗೆ ಸುಣ್ಣವನ್ನು ಹೊತ್ತ ನೀರು ಗುಹೆಯ ಮಾಳಿಗೆಯಿಂದ ಜಿನುಗಿದಾಗ ಅನಿಲ ಹೊರಗೆ ಹೋಗಿಬಿಡುತ್ತದೆ; ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂಡುತ್ತದೆ. ಮೇಲೆ ಉಳಿದದ್ದು ಕಡ್ಡಿಯಂತೆ ಇಳಿಬೀಳುತ್ತದೆ, ಕೆಳಗೆ ಬಿದ್ದದ್ದು ಗೂಟವಾಗಿ ಏಳುತ್ತದೆ. ಕೆಡವಿದ ನೀರೇ ಕಟ್ಟುತ್ತದೆ. ಭಕ್ತರು ಅದನ್ನು ಲಿಂಗವೆನ್ನುತ್ತಾರೆ, ಭೂಗೋಳದ ಪುಸ್ತಕ ಸುಣ್ಣದ ಶೇಖರಣೆಯೆನ್ನುತ್ತದೆ. ಅಭಿಷೇಕ ಮಾತ್ರ ಎರಡು ಪಕ್ಷದಲ್ಲಿಯೂ ನೀರಿನದೇ.

ಇದು ಬೆಳೆಯುವ ವೇಗವೆಷ್ಟು? ಎಲ್ಲ ಗುಹೆಗಳಿಗೂ ಒಂದೇ ಲೆಕ್ಕವಿಲ್ಲ. ಆದರೂ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಹತ್ತು ವರ್ಷ ಜಿನುಗಿದರೆ ಒಂದು ಮಿಲಿಮೀಟರು. ಒಂದು ಗೇಣಿನಷ್ಟು, ಎಂದರೆ ಇಪ್ಪತ್ತು ಸೆಂಟಿಮೀಟರಿನ ಕಡ್ಡಿಗೆ ಎರಡು ಸಾವಿರ ವರ್ಷ. ನಮ್ಮಲ್ಲೊಬ್ಬ ಮೊಬೈಲಿನ ಬೆಳಕಿನಲ್ಲಿ ಅಂಥದೊಂದನ್ನು ಮುಟ್ಟಹೋದಾಗ ಜೊತೆಗೆ ಬಂದಿದ್ದ ಅರಣ್ಯದ ಕಾವಲುಗಾರರು, "ತಮ್ಮಾ, ಅದಕ್ಕ ಕೈ ಹಚ್ಚಬ್ಯಾಡ. ಕೈ ಜಿಡ್ಡು ಹತ್ತಿದ್ರ ಅದು ಬೆಳಿಯೂದಿಲ್ಲ" ಎಂದರು. ಇದು ಬರಿಯ ಗದರಿಕೆಯಲ್ಲ. ಚರ್ಮದ ಜಿಡ್ಡು ಅಂಟಿದ ಕಡೆ ನೀರು ಮೊದಲಿನಂತೆ ಹರಡುವುದಿಲ್ಲ, ಸುಣ್ಣ ಕೂಡುವುದಿಲ್ಲ, ಬಣ್ಣವೂ ಕೆಡುತ್ತದೆ ಎಂದು ಅಧ್ಯಾಪಕರು ವಿವರಿಸಿದರು. ನಾನು ಇದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡೆನೆಂಬುದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

ಮೂರನೆಯ ದಿನ ಯಾಣ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂದು ಆ ಸೀಮೆಯಲ್ಲೊಂದು ಗಾದೆ. ಹಿಂದೆ ದಟ್ಟ ಕಾಡಿನಲ್ಲಿ ಬಹು ದೂರ ನಡೆದು ಹೋಗಬೇಕಾಗಿತ್ತಾದ್ದರಿಂದ ಮೈಯಲ್ಲಿ ಸೊಕ್ಕಿದ್ದವನಿಗೆ ಮಾತ್ರ ಯಾಣ ದಕ್ಕುತ್ತಿತ್ತು. 1996ರಲ್ಲಿ ‘ನಮ್ಮೂರ ಮಂದಾರ ಹೂವೇ’ ಚಲನಚಿತ್ರ ಬಂದ ಮೇಲೆ ಇದು ನಾಡಿಗೆಲ್ಲ ಪರಿಚಿತವಾಯಿತು. ಈಗ ಬಂಡೆಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಾಕು. ಸೊಕ್ಕಿನ ಅಗತ್ಯವಿಲ್ಲದಿದ್ದರೂ ನಾವು ಅದನ್ನು ಜೊತೆಯಲ್ಲಿ ಕೊಂಡೊಯ್ದಿದ್ದೆವು.

ಮರಗಳ ಸಂದಿನಿಂದ ಆ ಬಂಡೆ ಮೊದಲು ಕಂಡಾಗ ಅದು ಬಂಡೆಯೆಂದು ನಂಬಿಕೆ ಬರಲಿಲ್ಲ. ಭೈರವೇಶ್ವರ ಶಿಖರದ ಎತ್ತರ 120 ಮೀಟರು. ಪಕ್ಕದ ಮೋಹಿನೀ ಶಿಖರ 90 ಮೀಟರು. ಇದ್ದಲಿನಂತೆ ಕಪ್ಪು. ಮೈಯೆಲ್ಲ ಮೇಲಿನಿಂದ ಕೆಳಗೆ ಗೀರುಗೀರಾಗಿ ಚೂಪುಚೂಪಾಗಿ ಇದೆ. ಕೈಗೆ ಎಟುಕದ ಎತ್ತರದಲ್ಲಿ ಹೆಜ್ಜೇನಿನ ಹಲ್ಲೆಗಳು ಜೋತುಬಿದ್ದಿವೆ. ತಲೆಯ ಮೇಲೆ ಕೈಯಿಟ್ಟವರನ್ನು ಸುಡುವ ವರ ಪಡೆದ ಭಸ್ಮಾಸುರ, ಮೋಹಿನಿಯ ಕುಣಿತಕ್ಕೆ ಮರುಳಾಗಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದದ್ದು ಇಲ್ಲಿಯೇ ಎಂಬುದು ಸ್ಥಳಪುರಾಣ. ಆ ಕಪ್ಪನ್ನು ನೋಡಿದವರಿಗೆ ಬೇರೆ ಕಥೆ ಹೊಳೆಯಲಾರದು. ಆದರೆ ಇದು ಬೆಂಕಿಯ ಕಲ್ಲಲ್ಲ, ಇದೂ ಸುಣ್ಣಕಲ್ಲೇ. ಗೀರುಗಳೂ ಸೀಳುಗಳೂ ನೀರು ಕರಗಿಸಿ ಬಿಟ್ಟುಹೋದ ಗುರುತುಗಳು. ಬಂಡೆಯ ಬುಡದಲ್ಲಿ ಒಂದು ಗುಹೆ, ಗುಹೆಯಲ್ಲಿ ತಾನಾಗಿ ಮೂಡಿದ ಲಿಂಗ, ಅದರ ಮೇಲೆ ಮೇಲಿನ ಕಲ್ಲಿನಿಂದ ಹನಿಯುವ ನೀರು. ಕವಳಾದ ಪಾಠವೇ ಇಲ್ಲಿ ನೂರು ಪಟ್ಟು ದೊಡ್ಡದಾಗಿ ನಿಂತಿದೆ. ದೇವರ ಹಿಂದಿನಿಂದ ಬಂಡೆಯ ಸೀಳಿನೊಳಗೆ ಹೋಗಿ ಪ್ರದಕ್ಷಿಣೆ ಬರಬಹುದು. ಒಳಗೆ ತಂಪು, ಬಾವಲಿಯ ವಾಸನೆ. ಎರಡು ಕಡೆಗೂ ಗೋಡೆ. ಮೇಲೆ ನೋಡಿದರೆ ಪಂಚೆಯ ಅಂಚಿನಷ್ಟು ಆಕಾಶ.

ಅಲ್ಲಿ ನನ್ನ ಬುದ್ಧಿ ಕೆಟ್ಟಿತು. ಗೋಡೆಯಲ್ಲಿ ಎದೆಯ ಎತ್ತರದಲ್ಲಿ ಅದಾಗಲೇ ಹತ್ತಾರು ಹೆಸರುಗಳಿದ್ದವು. ಕೆಲವಕ್ಕೆ ಜೋಡಿ ಹೆಸರು, ನಡುವೆ ಬಾಣ. ಜೇಬಿನಲ್ಲಿ ಬೈಕಿನ ಕೀಲಿಕೈಯಿತ್ತು. ಮುಂದಿನವರು ಮುಂದೆ ಹೋಗಿದ್ದರು, ಹಿಂದಿನವರು ಫೋಟೋ ತೆಗೆಯುತ್ತಿದ್ದರು. ನನ್ನ ಹೆಸರಿನ ಮೊದಲನೆಯ ಅಕ್ಷರವನ್ನು ಕೆತ್ತಿ ಮುಗಿಸಿ, ಎರಡನೆಯದು ಅರ್ಧವಾಗಿರುವಾಗ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಭೂಗೋಳದ ಅಧ್ಯಾಪಕರು. ಕಪ್ಪು ಕಲ್ಲಿನ ಮೇಲೆ ನನ್ನ ಒಂದೂವರೆ ಅಕ್ಷರ ಬೂದುಬಿಳುಪಾಗಿ ಕಾಣುತ್ತಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಸಂಜೆಯೊಳಗೆ ಮರೆತುಬಿಡುತ್ತಿದ್ದೆ. "ಎಷ್ಟು ಆಳ ಇದೆ?" ಎಂದು ಕೇಳಿದರು. "ಎರಡು ಮಿಲಿಮೀಟರ್ ಇರಬಹುದು ಸರ್" ಎಂದೆ. "ಎಷ್ಟು ವರ್ಷಕ್ಕೆ ಅಳಿಯುತ್ತದೆ ಅಂತ ಲೆಕ್ಕ ಹಾಕಿಕೊಂಡು ಬಾ. ವಾರ್ಷಿಕ ಸಂಚಿಕೆಗೆ ಬರೆದು ಕೊಡು" ಎಂದು ಹೇಳಿ ಮುಂದೆ ನಡೆದರು.

ಈ ಲೇಖನದ ಹುಟ್ಟು ಇದು. ಲೆಕ್ಕವೂ ಇದೆ. ಮಳೆ ಹೆಚ್ಚಾಗಿ ಬೀಳುವ ಕಡೆಗಳಲ್ಲಿ ಬಯಲಿಗೊಡ್ಡಿದ ಸುಣ್ಣಕಲ್ಲಿನ ಮೈ ವರ್ಷಕ್ಕೆ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಕರಗುತ್ತದೆ. ನೂರರಲ್ಲಿ ಐದು ಭಾಗವೆಂದು ಹಿಡಿಯೋಣ. ಎರಡು ಮಿಲಿಮೀಟರು ಕರಗಲು ನಲವತ್ತು ವರ್ಷ ಬೇಕು. ನನಗೀಗ ಇಪ್ಪತ್ತು, ಆಗ ಅರುವತ್ತು. ಇಷ್ಟಕ್ಕೇ ಮುಗಿದಿದ್ದರೆ ಸಮಾಧಾನವಿತ್ತು. ಆದರೆ ನಾನು ಕೆತ್ತಿದ್ದು ಮಳೆ ಹೊಡೆಯುವ ಕಡೆಯಲ್ಲಲ್ಲ, ಬಂಡೆಯ ಸೀಳಿನ ಒಳಗೆ. ಅಲ್ಲಿ ಆ ಲೆಕ್ಕ ಸಲ್ಲುವುದಿಲ್ಲ. ಅದಲ್ಲದೆ ಮಳೆ ನನ್ನ ಅಕ್ಷರದ ಸುತ್ತಲಿನ ಕಲ್ಲನ್ನಷ್ಟೇ ಕರಗಿಸಿ ಅಕ್ಷರದ ತಳವನ್ನು ಬಿಟ್ಟುಕೊಡುವುದಿಲ್ಲ; ಎರಡೂ ಒಟ್ಟಿಗೆ ಸವೆದರೆ ಗುಳಿ ಗುಳಿಯಾಗಿಯೇ ಉಳಿಯುತ್ತದೆ. ಲೆಕ್ಕವನ್ನು ತೋರಿಸಿದಾಗ ಅಧ್ಯಾಪಕರು ಈ ಎರಡನೆಯ ಅಂಶಕ್ಕೆ ಮಾತ್ರ ಅಂಕ ಕೊಡುವುದಾಗಿ ಹೇಳಿದರು.

ನಾಲ್ಕನೆಯ ದಿನ ಬನವಾಸಿ. ಬೇರೆ ಸಂದರ್ಭದಲ್ಲಾಗಿದ್ದರೆ ಕದಂಬರನ್ನು ಕುರಿತು, ಮಧುಕೇಶ್ವರ ದೇವಾಲಯದ ಕಂಬಗಳ ಹೊಳಪನ್ನು ಕುರಿತು, ಮೂರು ಕಡೆ ಸುತ್ತಿ ಹರಿಯುವ ವರದೆಯನ್ನು ಕುರಿತು ಪುಟಗಟ್ಟಲೆ ಬರೆಯುತ್ತಿದ್ದೆ. ಅಂದು ನನ್ನ ಕಣ್ಣಿಗೆ ಬಿದ್ದದ್ದು ಅಂಗಳದಲ್ಲಿರುವ ಒಂದು ಹಾಸುಗಲ್ಲು ಮಾತ್ರ. ಅದರ ಮೇಲೆ ಐದು ಹೆಡೆಯ ನಾಗ. ಅಂಚಿನಲ್ಲಿ ಬ್ರಾಹ್ಮೀ ಲಿಪಿಯಲ್ಲಿ ಪ್ರಾಕೃತ ಭಾಷೆಯ ಬರೆಹ. ಕದಂಬರಿಗೂ ಹಿಂದಿನ ಚುಟು ವಂಶದ ಕಾಲದ್ದು, ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಅರಸುಮಗಳು ನಾಗಶ್ರೀ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಮಾಡಿಸಿಕೊಟ್ಟ ಸಂಗತಿ ಅದರಲ್ಲಿದೆ. ಇತಿಹಾಸದ ಅಧ್ಯಾಪಕರು ಇಷ್ಟನ್ನು ಹೇಳಿ, "ಕೆತ್ತಿದವನ ಹೆಸರೂ ಇದೆ. ನಟಕ" ಎಂದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಸುದ್ದಿ ಬಸ್ಸಿನಲ್ಲಿ ಆಗಲೇ ಹರಡಿತ್ತು.

ನಗೆ ಅಡಗಿದ ಮೇಲೆ ನನ್ನ ಮಿತ್ರನೊಬ್ಬ ನನ್ನ ಪರವಾಗಿ ವಾದಕ್ಕೆ ನಿಂತ. ನಟಕನೂ ಕಲ್ಲಿನ ಮೇಲೆ ಹೆಸರು ಕೆತ್ತಿದ, ಇವನೂ ಕೆತ್ತಿದ. ಸಾವಿರದೆಂಟುನೂರು ವರ್ಷ ಕಳೆದರೆ ಇವನದೂ ಶಾಸನವಾಗದೆ? ವಾದ ಚೆನ್ನಾಗಿಯೇ ಇತ್ತು. ನಾನು ಮಾತ್ರ ನಟಕನ ಪಕ್ಕದಲ್ಲಿ ನಿಲ್ಲಲಾರದೆ ಹೋದೆ. ಅವನು ಮೊದಲು ನಾಗನ ಐದು ಹೆಡೆಗಳನ್ನು ಬಿಡಿಸಿದ, ಮೈಯ ಸುರುಳಿಯನ್ನು ತೀಡಿದ; ಹೆಸರು ಬಂದದ್ದು ಆಮೇಲೆ. ನನ್ನ ಕೆಳಗೆ ನಾಗನಿಲ್ಲ, ಕೆರೆಯಿಲ್ಲ, ಬೈಕಿನ ಕೀಲಿಕೈ ಇದೆ. ಇನ್ನೊಂದು ಮಾತು ರಾತ್ರಿ ಟಿಪ್ಪಣಿ ಪುಸ್ತಕವನ್ನು ತೆರೆದಾಗ ಹೊಳೆಯಿತು. ನಟಕ ಉಳಿ ಹಿಡಿದ ದಿನ ಕವಳಾದಂಥ ಗುಹೆಯಲ್ಲಿ ಹೊಸದಾಗಿ ಜಿನುಗತೊಡಗಿದ ಹನಿಯೊಂದು, ಅದೇ ಲೆಕ್ಕದಲ್ಲಿ, ಇಂದಿಗೆ ಹದಿನೆಂಟು ಸೆಂಟಿಮೀಟರು ಮಾತ್ರ ಬೆಳೆದಿದ್ದೀತು. ಕದಂಬರು, ಚಾಲುಕ್ಯರು, ಸೋದೆಯ ಅರಸರು, ಎಲ್ಲರೂ ಆ ಒಂದು ಗೇಣಿನೊಳಗೆ ಬಂದು ಹೋದರು. ನಮ್ಮ ಮಿತ್ರ ಮುಟ್ಟಹೋದದ್ದು ಅದನ್ನು.

ದೇವಾಲಯದ ಬಾಗಿಲಲ್ಲಿ ಪುರಾತತ್ತ್ವ ಇಲಾಖೆಯ ನೀಲಿ ಫಲಕವಿದೆ. 1958ರ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಯಾಣದ ಸೀಳಿನೊಳಗೆ ಅಂಥ ಫಲಕ ನನಗೆ ಕಾಣಲಿಲ್ಲ. ಮನುಷ್ಯ ಎರಡು ತಿಂಗಳಲ್ಲಿ ಕೆತ್ತಿದ್ದಕ್ಕೆ ಫಲಕ ಬೇಗ ಬರುತ್ತದೆ. ನೀರು ಲಕ್ಷಗಟ್ಟಲೆ ವರ್ಷ ಕೆತ್ತಿದ್ದರ ಎದುರು ಕಾವಲುಗಾರನೊಬ್ಬ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸುಣ್ಣ ಕಲಸಿ ಆ ಗೀರನ್ನು ಮುಚ್ಚಿ ಬರಬಹುದೇ ಎಂದು ಊರಿಗೆ ಬಂದ ಮೇಲೆ ಅಧ್ಯಾಪಕರನ್ನು ಕೇಳಿದೆ. ಹಾಗೆ ಬಳಿದದ್ದು ಇನ್ನೂ ದೊಡ್ಡ ಕಲೆಯಾಗಿ ಕಾಣುತ್ತದೆ, ಸುಮ್ಮನಿರು ಎಂದರು. ಮುಂದಿನ ವರ್ಷ ನಮ್ಮ ಕಾಲೇಜಿನ ಕಿರಿಯರು ಯಾಣಕ್ಕೆ ಹೋಗುವವರಿದ್ದಾರೆಂದು ಕೇಳಿದ್ದೇನೆ. ಸೀಳಿನೊಳಗೆ ಹೊಕ್ಕು ಹತ್ತು ಹೆಜ್ಜೆ ನಡೆದ ಮೇಲೆ ಬಲಗಡೆಯ ಗೋಡೆಯಲ್ಲಿ, ಬಾಣ ನೆಟ್ಟ ಜೋಡಿ ಹೆಸರಿನ ಕೆಳಗೆ, ಒಂದೂವರೆ ಅಕ್ಷರ ಕಾಣುತ್ತದೆ. ಅದು ನನ್ನದು.